ದ್ರಾಕ್ಷಿತೋಟದ ಯಜಮಾನನೂ ನಾನೂ

ಜೂನ್ 28

ಇವತ್ತಿನಿಂದ ಬರೆಯುತ್ತೇನೆ. ಯುದ್ಧದಿಂದ ಹಡಗಿನ ಕಾಲುವೆ ಮುಚ್ಚಿದ್ದ ವರ್ಷಗಳನ್ನು ಬಿಟ್ಟರೆ ಇಡೀ ಆಯುಸ್ಸು ಬೇರೆಯವರ ಹಡಗುಗಳಿಗೆ ದಾರಿ ತೋರಿಸಿದವನು ನಾನು. ದಿನದ ಕೊನೆಗೆ ಏನಾದರೂ ಬರೆಯದಿದ್ದರೆ ಉಂಡದ್ದು ಅರಗುವುದಿಲ್ಲ. ಗಾಳಿ: ವಾಯವ್ಯದಿಂದ. ಸಮುದ್ರ: ಶಾಂತ. ಕಾಲು: ಪ್ಲಾಸ್ಟರಿನಲ್ಲಿ. ಮನಸ್ಸು: ಕೇಳಬೇಡಿ.

ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿಯ ಮೆಟ್ಟಿಲು ಮುರಿದರೆ ಅದು ನನ್ನ ವಯಸ್ಸಿನ ತಪ್ಪಂತೆ. ಡಾಕ್ಟರು ಮೂರು ಮಾತು ಹೇಳಿದರು. ಪ್ಲಾಸ್ಟರ್ ಬಿಚ್ಚುವವರೆಗೆ ನಡೆಯಬಾರದು, ಸಿಗರೇಟು ಸೇದಬಾರದು, ಇನ್ನು ಮುಂದೆ ಹಡಗು ಹತ್ತುವ ಮಾತೇ ಇಲ್ಲ. ಮೊದಲನೆಯದಕ್ಕೆ ಒಪ್ಪಿದ್ದೇನೆ, ಬೇರೆ ದಾರಿಯಿಲ್ಲ. ಉಳಿದೆರಡು ಅವರ ಸ್ವಂತ ಅಭಿಪ್ರಾಯ.

ಹೆಂಡತಿ ಬಹೀಗಾ ನನ್ನನ್ನು ಮಹಡಿಯ ಮರದ ಜಗುಲಿಯಲ್ಲಿ, ಕುರ್ಚಿಯ ಮೇಲೆ, ಒಣಹಾಕಿದ ಮೀನಿನ ಹಾಗೆ ಇಟ್ಟಿದ್ದಾಳೆ. ಕೈಗೆ ದುರ್ಬೀನು ಕೊಟ್ಟಿದ್ದಾಳೆ. ಹೊರಗೆ ಸರದಿಗಾಗಿ ಲಂಗರು ಹಾಕಿ ನಿಂತ ಹಡಗುಗಳು. ಅವನ್ನು ಒಳಗೆ ತರುತ್ತಿರುವ ಹುಡುಗರಿಗೆ ತಿರುವಿನಲ್ಲಿ ವೇಗ ಇಳಿಸುವುದೂ ಗೊತ್ತಿಲ್ಲ.

ಜುಲೈ 1

ಪತ್ರಿಕೆ ಎರಡು ಸಲ ಓದಿದೆ, ಮರಣವಾರ್ತೆಗಳನ್ನೂ ಬಿಡಲಿಲ್ಲ. ಬಹೀಗಾ ತನ್ನ ದಿಂಬಿನ ಪಕ್ಕದ ದಪ್ಪ ಕಾದಂಬರಿಯನ್ನು ತಂದು ತೊಡೆಯ ಮೇಲೆ ಹಾಕಿದಳು. ಯಾವುದೋ ಯುರೋಪಿನ ಹಳೆಯ ಪುಸ್ತಕ, ಅರಬ್ಬಿಗೆ ಮಾಡಿದ್ದು. ರಟ್ಟು ಕಿತ್ತುಹೋಗಿದೆ. ತಲೆಮಾರುಗಳಿಂದ ಲೋಕವೆಲ್ಲ ಓದುತ್ತಿದೆಯಂತೆ.

"ಇದು ಹೆಂಗಸರು ಓದೋದು," ಎಂದೆ.

"ಹೌದು ಕ್ಯಾಪ್ಟನ್, ನಿಮಗೆ ಅರ್ಥವಾಗೋದು ಕಷ್ಟ. ವಾಪಸ್ ಕೊಡಿ," ಎಂದಳು.

ಕೊಡಲಿಲ್ಲ. ಅದೆಷ್ಟು ಕೆಟ್ಟದಾಗಿದೆ ಎಂದು ತೋರಿಸುವುದಕ್ಕಾಗಿಯೇ ಓದುತ್ತೇನೆ.

ಕಥೆ ಇಷ್ಟು: ಒಂದು ದ್ರಾಕ್ಷಿತೋಟ, ದೊಡ್ಡ ಮನೆ, ಅದಕ್ಕೊಬ್ಬ ಯಜಮಾನ. ಕೊಯ್ಲಿನ ಕಾಲಕ್ಕೆ ನೆಂಟರೆಲ್ಲ ಬಂದು ಬೀಡುಬಿಡುತ್ತಾರೆ. ಅಕ್ಕನ ಮಗ, ಭಾಮೈದನ ಮಗಳು, ಅವಳ ಗೆಳತಿ, ಯಾರೋ ಸೈನ್ಯಾಧಿಕಾರಿ. ಕೆಲಸ ಒಬ್ಬರಿಗೂ ಇಲ್ಲ. ಇವನು ಅವಳನ್ನು ನೋಡುತ್ತಾನೆ, ಅವಳು ಇನ್ನೊಬ್ಬನನ್ನು ನೋಡುತ್ತಾಳೆ, ಅವನು ಕಿಟಕಿಯಾಚೆ ನೋಡುತ್ತಾನೆ. ಹೆಸರುಗಳು ನಾಲಿಗೆಗೆ ಹತ್ತುವುದಿಲ್ಲ. ಇಡೀ ಪುಸ್ತಕದಲ್ಲಿ ತಲೆ ನೆಟ್ಟಗಿರುವವನು ಯಜಮಾನನೊಬ್ಬನೇ.

ಜುಲೈ 4

ನಮ್ಮ ಮನೆಗೂ ನೆಂಟರು ಬಂದರು. ಮನ್ಸೂರಾದಿಂದ ಅಕ್ಕ ಇಹ್ಸಾನ್, ಎರಡು ಬಾತುಕೋಳಿ, ಒಂದು ಬುಟ್ಟಿ ಬೆಣ್ಣೆರೊಟ್ಟಿ, ಮತ್ತು ಅವಳ ಮಗ ವಗ್ದಿ. ಹಲ್ಲಿನ ಡಾಕ್ಟರು. ನನ್ನ ಕಾಲು ಬಿಟ್ಟು ಬಾಯಿಯನ್ನೇ ನೋಡುತ್ತಾನೆ. ದಮಿಯತ್ತಾದಿಂದ ಬಹೀಗಾಳ ಅಣ್ಣನ ಮಗಳು ಮೇರ್ವತ್ ಕೂಡ ಬಂದಿದ್ದಾಳೆ. ಶಾಲೆಯಲ್ಲಿ ಪಾಠ ಹೇಳುವವಳು. ಅವಳು ನಕ್ಕರೆ ಬಂದರಿನವರೆಗೆ ಕೇಳಿಸುತ್ತದೆ.

ಅಕ್ಕ ಸುಮ್ಮನೆ ಬಂದಿಲ್ಲ. ಈ ತಿಂಗಳು ವಗ್ದಿಗೂ ನಮ್ಮ ಸಫಿನಾಜಳಿಗೂ ಎಲ್ಲರೂ ಕೈಯೆತ್ತಿ ಫಾತಿಹಾ ಪ್ರಾರ್ಥನೆ ಓದಿ ಸಂಬಂಧ ಗಟ್ಟಿ ಮಾಡಬೇಕು. ಯುದ್ಧದ ವರ್ಷ ನನ್ನ ತಮ್ಮ ತೀರಿಕೊಂಡಾಗ ಅವನ ಮಗಳು ಸಫಿಗೆ ಒಂಬತ್ತು ವರ್ಷ, ತಾಯಿ ಮೊದಲೇ ಇರಲಿಲ್ಲ. ಅವಳನ್ನು ನನ್ನ ಮನೆಗೆ ತಂದೆ. ಗೋರಿಯ ಹತ್ತಿರವೇ ಅಕ್ಕನಿಗೆ ಮಾತು ಕೊಟ್ಟೆ: "ಅಳಬೇಡ ಅಕ್ಕ, ಇವಳು ನಿನ್ನ ಮನೆ ಸೊಸೆ."

ಮಾತು ಎಂದರೆ ಮಾತು. ಯಜಮಾನನೂ ಹೀಗೇ. ಸಾಕಿಕೊಂಡ ಹುಡುಗಿಯನ್ನು ತನ್ನ ಅಕ್ಕನ ಮಗನಿಗೆ ಕೊಡುತ್ತೇನೆಂದು ಊಟದ ಮೇಜಿನಲ್ಲಿ ಎದ್ದು ನಿಂತು ಹೇಳುತ್ತಾನೆ. ಓದಿ ಖುಷಿಯಾಯಿತು.

ಜುಲೈ 7

ಸಫಿಯನ್ನು ಜಗುಲಿಗೆ ಕರೆದು ವಿಷಯ ಹೇಳಿದೆ. ಇಸ್ಕಂದ್ರಿಯಾದಲ್ಲಿ ಮೀನುಗಳ ಬಗ್ಗೆ ಓದಿ ಪದವಿ ತಂದವಳು. ಈಗ ನನಗೆ ಚಹಾ ತರುತ್ತಾಳೆ.

"ನೀವು ಹೇಳಿದ ಹಾಗೆ ದೊಡ್ಡಪ್ಪ," ಎಂದಳು.

ನೋಡಿ, ಬೆಳೆಸಿದ್ದು ಹೀಗಿರಬೇಕು. ಪುಸ್ತಕದ ಹುಡುಗಿಯೂ ಯಜಮಾನ ಏನು ಕೇಳಿದರೂ "ತಮ್ಮ ಇಷ್ಟ" ಎನ್ನುತ್ತಾಳೆ. ಬಹೀಗಾಳಿಗೆ ಓದಿ ಹೇಳಿದೆ. ಅವಳು ಬೆಂಡೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ಮುಂದೆ ಓದಿ," ಎಂದಳು.

ಜುಲೈ 11

ಬೆಳಿಗ್ಗೆ ದುರ್ಬೀನಿನಲ್ಲಿ ಒಂದು ಎಣ್ಣೆ ಹಡಗನ್ನು ಹಿಂಬಾಲಿಸುತ್ತಿದ್ದೆ. ಅದು ದಾಟಿಹೋಯಿತು. ದುರ್ಬೀನು ಈಚೆ ಸರಿಸಿದರೆ ಕಡಲದಂಡೆಯ ಕಟ್ಟೆ, ಕಟ್ಟೆಯ ಮೇಲೆ ನಮ್ಮ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಮೇರ್ವತ್. ಕಾಗದದ ಪೊಟ್ಟಣದಿಂದ ಚಿಪ್ಪಿನ ಮೀನು ತೆಗೆದು, ನಿಂಬೆ ಹಿಂಡಿ, ಒಂದೊಂದಾಗಿ ಅವಳ ಕೈಗೆ ಕೊಡುತ್ತಿದ್ದಾನೆ. ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹತ್ತು ಮಾತಾಡದವನು ಅಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದ. ಅವಳ ನಗು ಇಲ್ಲಿಗೆ ಕೇಳಿಸಿತು. ಆ ನಗು ನನ್ನ ಕಲ್ಪನೆ ಅಂತಾದರೂ ಹೇಳೋಣವೆಂದರೆ ಕಾಲ ಬಳಿ ಮಲಗಿದ್ದ ಬೆಕ್ಕು ಕೂಡ ಕಿವಿ ನಿಮಿರಿಸಿತು.

ಈ ಪುಸ್ತಕ ಓದಿ ನನ್ನ ತಲೆ ಕೆಟ್ಟಿದೆ. ಅದರಲ್ಲೂ ಯಜಮಾನನ ಅಕ್ಕನ ಮಗ ಬೇರೊಬ್ಬಳ ಜೊತೆ ತೋಟದಲ್ಲಿ ಅಡ್ಡಾಡುತ್ತಾನೆ. ಇಡೀ ಮನೆಗೆ ಗೊತ್ತು, ಯಜಮಾನನಿಗೆ ಮಾತ್ರ ಗೊತ್ತಿಲ್ಲ. ಅವನ ಬಳಿ ದುರ್ಬೀನಿರಲಿಲ್ಲ, ಪಾಪ.

ಜುಲೈ 12

ಮತ್ತೆ ಅದೇ ಕಟ್ಟೆ. ಇವತ್ತು ಐಸ್‌ಕ್ರೀಮು.

ಜುಲೈ 15

ವಗ್ದಿ ಹಾಗಾದರೆ ಸಫಿ ಹೇಗೆ? ಪುಸ್ತಕದ ಹುಡುಗಿಯ ಮನಸ್ಸಿನಲ್ಲಿ ಒಬ್ಬನಿದ್ದಾನೆ, ಆ ಸೈನ್ಯಾಧಿಕಾರಿ. ಹುಡುಗಿ ಬಾಡುತ್ತಿದ್ದರೆ ಹಿಂದೆ ಯಾರೋ ಇರಲೇಬೇಕು. ನಮ್ಮ ಸಫಿಯೂ ಬಾಡಿದ್ದಾಳೆ. ಮೊನ್ನೆ ಮುಲೂಖಿಯಾ ಸೊಪ್ಪಿನ ಸಾರು ಮಾಡಿದ್ದರೂ ಅರ್ಧ ತಟ್ಟೆ ಬಿಟ್ಟಳು.

ಮನೆಗೆ ಬರುವ ಗಂಡಸು ಒಬ್ಬನೇ: ನನಗೆ ಸೂಜಿ ಚುಚ್ಚುವ ಕಂಪೌಂಡರ್ ಸುಬ್ಹಿ. ಸಫಿ ಅವನಿಗೆ ಚಹಾ ಕೊಡುತ್ತಾಳೆ. ಅವನು "ಕೈಗೆ ಬರಕತ್ ಇರಲಿ" ಎಂದು ಹರಸುತ್ತಾನೆ. ಇವತ್ತು ನೇರವಾಗಿ ಕೇಳಿದೆ.

"ಏನಯ್ಯಾ, ಈ ಮನೆಗೆ ಸೂಜಿ ಚುಚ್ಚೋಕೇ ಬರ್ತೀಯಾ?"

"ಇನ್ನೇನಕ್ಕೆ ಬರ್ಲಿ ಕ್ಯಾಪ್ಟನ್? ನಿಮ್ಮ ಬೈಗುಳ ತಿನ್ನೋಕಾ?"

"ಮದುವೆ ಗಿದುವೆ ಯೋಚನೆ ಇದೆಯಾ?"

"ಇನ್ನೊಂದಾ?" ಅವನು ಹೌಹಾರಿದ. "ಅಯ್ಯೋ, ಇರೋ ಒಬ್ಬಳು ಕೇಳಿಸ್ಕೊಂಡ್ರೆ ನನ್ನ ಕಾಲೂ ಪ್ಲಾಸ್ಟರಿಗೆ ಹೋಗತ್ತೆ. ಮನೇಲಿ ಅವಳಿಜವಳಿ ಬೇರೆ."

ಸೂಜಿಯನ್ನು ಎಂದಿಗಿಂತ ಜೋರಾಗಿಯೇ ಚುಚ್ಚಿ ಹೋದ. ಬಾಗಿಲ ಹಿಂದೆ ಬಹೀಗಾ ತಲೆವಸ್ತ್ರದ ಅಂಚು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಜುಲೈ 18

ಯಜಮಾನನ ಮೇಲೆ ಸಿಟ್ಟು ಬಂದು ಪುಸ್ತಕವನ್ನು ಜಗುಲಿಯಾಚೆಗೆ ಎಸೆದೆ. ಕೆಳಗೆ ಕಲ್ಲಂಗಡಿ ಮಾರುವವನ ಗಾಡಿಯ ಮೇಲೆ ಬಿತ್ತಂತೆ. ಬಹೀಗಾ ಇಳಿದುಹೋಗಿ ಒಂದು ಹಣ್ಣಿನ ಜೊತೆಗೆ ತಂದಳು.

ಪುಸ್ತಕದ ಹುಡುಗಿ ದಿನದಿನಕ್ಕೆ ಸಣ್ಣಗಾಗುತ್ತಿದ್ದಾಳೆ. ಯಜಮಾನ ಎಲ್ಲರಿಗೂ ಹೇಳುತ್ತಾನೆ: "ನೋಡಿ, ಸಂತೋಷಕ್ಕೆ ಅವಳಿಗೆ ಊಟವೇ ಸೇರುತ್ತಿಲ್ಲ." ಕಣ್ಣಿಲ್ಲವೇ ಈ ಮನುಷ್ಯನಿಗೆ? "ತಮ್ಮ ಇಷ್ಟ" ಎಂದದ್ದನ್ನೇ ಒಪ್ಪಿಗೆ ಎಂದು ಎಣಿಸಿ ದರ್ಜಿಯನ್ನು ಕರೆಸುತ್ತಾನೆ. ಕಾಲುವೆಯಲ್ಲಿ ಎದುರಿನ ಹಡಗು ಕೂಗದಿದ್ದರೆ ದಾರಿ ಖಾಲಿ ಎಂದು ಯಾವ ಪೆದ್ದ ತಿಳಿಯುತ್ತಾನೆ? ಮಂಜಿನಲ್ಲಿ ನಿಲ್ಲಿಸಿ ಕೇಳಬೇಕು!

ಸಂಜೆ ಸಫಿ ಹಣ್ಣು ಹೆಚ್ಚಿ ತಂದಳು. ಕೂರಿಸಿದೆ.

"ಹೇಳು, ಯಾರವನು?"

"ಯಾರು?"

"ನಿನ್ನ ಮನಸ್ಸಲ್ಲಿರೋನು. ಬೈಯಲ್ಲ. ಹೇಳು."

"ಯಾರೂ ಇಲ್ಲ ದೊಡ್ಡಪ್ಪ."

"ಹಾಗಾದ್ರೆ ವಗ್ದಿ ಯಾಕೆ ಬೇಡ?"

"ಬೇಡ ಅಂತ ನಾನು ಹೇಳೇ ಇಲ್ಲ."

"ಹೇಳಿಲ್ಲ. ಬೇಕು ಅಂತಲೂ ಹೇಳಿಲ್ಲ."

ಆಗ ಅವಳು ಹಣ್ಣಿನ ತಟ್ಟೆಯನ್ನು ಕುಕ್ಕಿ ಇಟ್ಟಳು. ಸಣ್ಣವಳಿದ್ದಾಗಲೂ ಅಳು ಬಂದರೆ ಹೀಗೇ ಸಿಟ್ಟಾಗುತ್ತಿದ್ದಳು. "ಬೇಡ. ಅವನು ಒಳ್ಳೆಯವನೇ. ಆದ್ರೂ ಬೇಡ. ಬೇಡ ಅನ್ನೋದಕ್ಕೆ ಇನ್ನೊಬ್ಬ ಇರ್ಲೇಬೇಕಾ? ನನಗೆ ಬೇಡ ಅನ್ನೋದು ಸಾಲಲ್ವಾ?"

ಪುಸ್ತಕದಲ್ಲಿ ಇಂಥ ಮಾತೇ ಇಲ್ಲ. ಅಲ್ಲಿ ಬೇಡ ಎನ್ನುವವರ ಹಿಂದೆಲ್ಲ ಒಬ್ಬೊಬ್ಬ ಗಂಡಸು ಅವಿತುಕೊಂಡಿದ್ದಾನೆ. ಬರೆದವರಿಗೂ ಎಲ್ಲ ಗೊತ್ತಿರುವುದಿಲ್ಲ. ಕಲ್ಲಂಗಡಿ ಸಪ್ಪೆಯಿತ್ತು. ಇಬ್ಬರೂ ಮುಗಿಸಿದೆವು.

ಜುಲೈ 20

ಅಕ್ಕನ ಜೊತೆ ಮಾತಾಡಿದೆ. ಮಾತಾಡಿದೆ ಎನ್ನುವುದು ಸುಳ್ಳು. ಇಡೀ ಬೀದಿಗೆ ಕೇಳಿಸಿದೆ.

"ಹುಡುಗಿಗೆ ಇಷ್ಟ ಇಲ್ಲ ಅಕ್ಕ."

"ನನ್ನ ಕಾಲದಲ್ಲಿ ನನ್ನನ್ನ ಕೇಳಿದ್ರಾ? ನಾನು ಬಾಳಲಿಲ್ವಾ?"

"ನಿನ್ನ ಮಗನನ್ನಾದರೂ ಕೇಳು. ದಿನಾ ಕಟ್ಟೆ ಮೇಲೆ ಕೂತು ಏನು ತಿಂತಾನೆ ಕೇಳು."

"ನನ್ನ ಮಗ ನಾನು ಹೇಳಿದ್ದು ತಿಂತಾನೆ! ಏ ಫಕ್ರಿ, ತಮ್ಮನ ಗೋರಿ ಮುಂದೆ ನಿಂತು ನೀನೇ ತಾನೇ ಹೇಳಿದ್ದು? ಆ ಮಗು ನನ್ನ ಮನೆಗೆ ಬರತ್ತೆ ಅಂತ ನಾನು ಇಷ್ಟು ವರ್ಷ ಕಾದೆ. ಹೋದವನ ಮೈವಾಸನೆ ಅವಳಲ್ಲಿದೆ ಕಣೋ."

ಅಮ್ಮ ಸತ್ತಾಗ ಅಕ್ಕ ಇನ್ನೂ ಶಾಲೆಗೆ ಹೋಗುವ ಹುಡುಗಿ. ಪುಸ್ತಕ ಮುಚ್ಚಿಟ್ಟು ತಮ್ಮಂದಿರಿಬ್ಬರನ್ನೂ ಮೀಯಿಸಿ, ಉಣಿಸಿ, ಹೊಡೆದು ಬೆಳೆಸಿದವಳು. ಅವಳಿಗೆ ಎದುರಾಡಿದ್ದು ನನಗೆ ನೆನಪೇ ಇಲ್ಲ. ಇವತ್ತು ಆಡಿದೆ. ಕಾಲು ನೋಯುತ್ತಿದ್ದುದರಿಂದ ಇರಬೇಕು.

ಜುಲೈ 21

ಅಕ್ಕ ನನ್ನನ್ನು ಕೇಳದೆ ಮನ್ಸೂರಾಕ್ಕೆ ಫೋನ್ ಮಾಡಿದ್ದಾಳೆ. ಗುರುವಾರ ಭಾವನ ಕಡೆಯ ಗಂಡಸರೆಲ್ಲ ಬರುತ್ತಾರೆ. ಮಸೀದಿಯ ಶೇಖ್ ಅವರಿಗೂ ಹೇಳಿಕಳಿಸಿದ್ದಾಳೆ. ನೆರೆಯವರಿಗೆ ಶರಬತ್ತು ಹಂಚುವ ಲೋಟಗಳನ್ನು ಬಾಡಿಗೆಗೆ ತರಿಸಿದ್ದಾಳೆ. ಜನರ ಮುಂದೆ ನಾನು ಬಾಲ ಮುದುರುತ್ತೇನೆಂದು ಅವಳ ಲೆಕ್ಕ.

ಸಫಿ ಬಂದು ಕಾಲ ಬಳಿ ಕೂತಳು. "ಮಾಡಿಬಿಡಿ ದೊಡ್ಡಪ್ಪ. ನನ್ನಿಂದ ನೀವಿಬ್ಬರೂ ದೂರ ಆಗೋದು ಬೇಡ. ನನಗೆ ಅಭ್ಯಾಸ ಆಗತ್ತೆ."

ಅಭ್ಯಾಸ! ಪ್ಲಾಸ್ಟರಿಗೂ ಅಭ್ಯಾಸವಾಗುತ್ತದೆ.

ಜುಲೈ 23

ಎಲ್ಲವನ್ನೂ ಬರೆಯುತ್ತೇನೆ.

ಇವತ್ತು ಗುರುವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ ಅವರು ಬಂದರು. ಭಾವ, ಅವನ ತಮ್ಮಂದಿರು, ಎರಡು ಕಾರು ತುಂಬ. ನನ್ನನ್ನು ಕುರ್ಚಿಸಮೇತ ಎತ್ತಿ ನಡುಮನೆಯಲ್ಲಿ ಇಟ್ಟರು. ಕಾಲು ಸ್ಟೂಲಿನ ಮೇಲೆ, ಫಿರಂಗಿಯ ಹಾಗೆ ಶೇಖ್ ಅವರ ಕಡೆ ತಿರುಗಿತ್ತು. ಹೆಂಗಸರು ಒಳಕೋಣೆಯ ಬಾಗಿಲಲ್ಲಿ. ವಗ್ದಿ ಹೊಸ ಸೂಟಿನಲ್ಲಿ ಬೆವರುತ್ತಿದ್ದ. ಮೇರ್ವತ್ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಇವತ್ತು ಅವಳ ನಗು ಎಲ್ಲೂ ಕೇಳಿಸಲಿಲ್ಲ.

ಭಾವ ಗಂಟಲು ಸರಿಮಾಡಿಕೊಂಡು, ನಮ್ಮ ಮಗನಿಗೆ ನಿಮ್ಮ ಮಗಳ ಕೈ ಕೇಳಲು ಬಂದಿದ್ದೇವೆ ಎಂದ. ಶೇಖ್ "ಹಾಗಾದರೆ ಫಾತಿಹಾ," ಎಂದರು. ಎಲ್ಲರ ಕೈಗಳೂ ಎದೆಯ ಮುಂದೆ ಮೇಲೆದ್ದವು. ನನ್ನವು ಮಡಿಲಲ್ಲೇ ಇದ್ದವು.

"ಫಕ್ರಿ, ಕೈ," ಎಂದಳು ಅಕ್ಕ ಬಾಗಿಲಿಂದ.

"ಎತ್ತಲ್ಲ."

ಕುರ್ಚಿಯಲ್ಲೇ ಶೇಖ್ ಅವರತ್ತ ತಿರುಗಿದೆ.

"ಶೇಖ್, ಹುಡುಗಿಯನ್ನ ಕೇಳದೆ ನಿಕಾಹ್ ಆಗತ್ತಾ?" ಎಂದೆ.

"ಆಗೋದಿಲ್ಲ ಕ್ಯಾಪ್ಟನ್. ಆದರೆ ಇದು ಬರೀ ಮಾತುಕತೆ…"

"ಕೆಟ್ಟ ದಾರಿಗೆ ಶುರುವಿನಲ್ಲೇ ತಿರುಗಬೇಕು. ಮಧ್ಯದಲ್ಲಿ ಹಡಗು ತಿರುಗಲ್ಲ. ಸಫಿ! ಬಾ ಇಲ್ಲಿ."

ಅವಳು ಬಂದಳು. ಅಷ್ಟು ಗಂಡಸರ ನಡುವೆ, ಬಿಳಿಚಿದ ಮುಖ. ನನಗೆ ಹೆದರಿಕೆಯಾಯಿತು, ಸುಳ್ಳೇಕೆ. ಅವಳು ಇವರ ಮುಂದೆಯೂ "ನೀವು ಹೇಳಿದ ಹಾಗೆ" ಎಂದರೆ ನಾನು ಏನು ಮಾಡಲಿ? ಅವಳ ಪರವಾಗಿ ನಾನೇ ಬೇಡ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬೇಕು ಎಂದದ್ದೂ ನಾನು, ಬೇಡ ಎಂದದ್ದೂ ನಾನು ಎಂದಾದರೆ ಅವಳೆಲ್ಲಿ?

"ವಗ್ದಿಯನ್ನ ಮದುವೆಯಾಗ್ತೀಯಾ? ನಾನು ಏನು ಹೇಳ್ತೀನಿ ಅಂತ ನೋಡಬೇಡ. ನಾನು ಏನೂ ಹೇಳಲ್ಲ."

ಅವಳು ಅಕ್ಕನ ಕಡೆ ನೋಡಿದಳು, ನೆಲ ನೋಡಿದಳು. "ಇಲ್ಲ."

"ಕೇಳಿಸ್ಲಿಲ್ಲ," ಎಂದಳು ಅಕ್ಕ. ಕೇಳಿಸಿತ್ತು.

ಸಫಿ ತಲೆ ಎತ್ತಿದಳು. "ಇಲ್ಲ ಅತ್ತೆ. ಆಗಲ್ಲ. ನೀವಂದ್ರೆ ನನಗೆ ಜೀವ. ಆದ್ರೆ ಆಗಲ್ಲ."

ಭಾವನ ಮುಖ ಕೆಂಪಾಯಿತು. ಯಾರೋ "ಇದೇನು ಅವಮಾನ!" ಎಂದರು. ಆಗ ವಗ್ದಿ ಎದ್ದ. ಹಲ್ಲು ಕಿತ್ತಿಸಿಕೊಳ್ಳಲು ಬಂದವನ ಹಾಗಿದ್ದ. "ಅಪ್ಪ, ಅವಮಾನ ಏನಿಲ್ಲ. ಅವಳನ್ನ ಬೈಬೇಡಿ. ನಾನೂ… ನಾನೂ ಇದನ್ನೇ ಹೇಳಬೇಕಿತ್ತು," ಎಂದ. ಮೇರ್ವತ್‌ಳ ತಟ್ಟೆಯಿಂದ ಒಂದು ಲೋಟ ಬಿದ್ದು ಒಡೆಯಿತು.

ಶೇಖ್ ಅವರ ಕೈಗಳು ಇನ್ನೂ ಮೇಲೇ ಇದ್ದವು. ಪಾಪ, ಇಳಿಸುವುದೋ ಬಿಡುವುದೋ ತಿಳಿಯದೆ ಸುತ್ತ ನೋಡಿದರು. ಕೊನೆಗೆ ಮೆಲ್ಲಗೆ ಹೇಳಿದರು: "ಕೈ ಎತ್ತಿ ಆಗಿದೆ. ಖಾಲಿ ಇಳಿಸೋದು ಬೇಡ. ಈ ಮಗುವಿನ ತಂದೆಯ ಆತ್ಮಕ್ಕೆ ಓದೋಣ."

ಈಗ ನಾನೂ ಕೈ ಎತ್ತಿದೆ. ಎಲ್ಲರೂ ಓದಿದರು. ಸಿಟ್ಟಾದ ಭಾವನೂ ಓದಿದ. ಬಾಗಿಲಲ್ಲಿ ಅಕ್ಕ ಕಣ್ಣು ಮುಚ್ಚಿ ಓದುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ನಾವಿಬ್ಬರೂ ತಮ್ಮನಿಗಾಗಿ ಒಟ್ಟಿಗೆ ಓದಿದ್ದು ಇದೇ ಮೊದಲು.

ಆಮೀನ್ ಮುಗಿದ ಮೇಲೆ ಅವಳು ಚಾದರ ಹೊದ್ದಳು. ನನ್ನ ಕುರ್ಚಿಯ ಮುಂದೆ ನಿಂತಳು.

"ನಿನಗೆ ಅನ್ನ ತಿನ್ನಿಸಿದ ಕೈ ಇದು," ಎಂದಳು.

"ಗೊತ್ತು ಅಕ್ಕ."

"ಇನ್ನು ಈ ಮನೆಯಲ್ಲಿ ನೀರೂ ಮುಟ್ಟಲ್ಲ."

ಹೋದಳು. ತಡೆಯಲು ನನಗೆ ಕಾಲಿರಲಿಲ್ಲ. ಇದ್ದಿದ್ದರೂ ಮಾಡಿದ್ದನ್ನು ತಿದ್ದುತ್ತಿರಲಿಲ್ಲ.

ಜುಲೈ 24

ಬಾಡಿಗೆಯ ಲೋಟಗಳನ್ನು ವಾಪಸ್ ಕಳಿಸಿದೆವು. ಶರಬತ್ತನ್ನು ಮೂರು ಹೊತ್ತು ನಾವೇ ಕುಡಿಯುತ್ತಿದ್ದೇವೆ.

ಆಗಸ್ಟ್ 9

ಕಾದಂಬರಿ ಮುಗಿಯಿತು. ಕೊನೆಗೆ ಯಜಮಾನ ಹಾಸಿಗೆ ಹಿಡಿದು, ಎಲ್ಲರ ಕೈಗಳನ್ನೂ ಸರಿಯಾದವರ ಕೈಗಿಟ್ಟು, ಕ್ಷಮೆ ಕೇಳಿ ಸಾಯುತ್ತಾನೆ. ಎಲ್ಲರೂ ಅಳುತ್ತಾರೆ. ನನಗೆ ಹಿಡಿಸಲಿಲ್ಲ. ಸಾಯುವ ಮೊದಲು ಬಾಯಿಬಿಟ್ಟು ಕೇಳಿದ್ದರೆ ನೂರೈವತ್ತು ಪುಟ ಉಳಿಯುತ್ತಿತ್ತು. ಬಹೀಗಾಳ ಜೊತೆ ಇಡೀ ಮಧ್ಯಾಹ್ನ ಇದೇ ವಾದ. ಅವಳು, ಕ್ಷಮೆ ಕೇಳುವ ಗಂಡಸು ಪುಸ್ತಕದಲ್ಲಾದರೂ ಇರಲಿ ಬಿಡಿ, ಎಂದಳು. ಯಾರಿಗೆ ಹೇಳಿದಳೋ.

ವಗ್ದಿ ತಾಯಿಗೆ ಹೇಳದೆ ದಮಿಯತ್ತಾಕ್ಕೆ ಹೋಗಿಬಂದನಂತೆ. ಮೇರ್ವತ್‌ಳ ಅಪ್ಪನಿಗೆ ಹಲ್ಲುನೋವಿತ್ತಂತೆ. ಚೆನ್ನಾಗಿದೆ.

ಆಗಸ್ಟ್ 23

ಈ ವಾರ ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದ ಕಾಲು ನನ್ನದಲ್ಲ, ಯಾವುದೋ ಕೊಕ್ಕರೆಯದು.

ಅದೇ ಹೊತ್ತಿಗೆ ಸಫಿ ಹೇಳಿದಳು: ಕೆಂಪು ಸಮುದ್ರದ ದಂಡೆಯಲ್ಲಿ ಮೀನುಗಳ ಸಂಶೋಧನೆ ಮಾಡುವಲ್ಲಿ ಕೆಲಸ ಸಿಕ್ಕಿದೆ, ಶನಿವಾರ ಹೊರಡುತ್ತಾಳೆ.

"ಒಬ್ಬಳೇ? ಅಷ್ಟು ದೂರ? ಸಾಧ್ಯವೇ ಇಲ್ಲ!" ಎಂದು ಕೂಗಿದೆ.

"ಕೇಳ್ತಾ ಇಲ್ಲ ದೊಡ್ಡಪ್ಪ, ಹೇಳ್ತಾ ಇದ್ದೀನಿ."

ಸಾಕಿದವನಿಗೆ ಹೀಗೆ ಎದುರಾಡುವುದನ್ನು ಈ ಹುಡುಗಿಗೆ ಯಾರು ಕಲಿಸಿದರೋ. ಜಗಳವಾಡಿದೆವು, ಊಟ ಮಾಡಿದೆವು, ಮತ್ತೆ ಜಗಳವಾಡಿದೆವು. ಶನಿವಾರ ಊರುಗೋಲು ಹಿಡಿದು ಬಸ್ ನಿಲ್ದಾಣಕ್ಕೆ ಹೋದೆ, ಸರಿಯಾಗಿ ಓಡಿಸೆಂದು ಡ್ರೈವರಿಗೆ ಹೇಳುವುದಕ್ಕೆ.

ಸೆಪ್ಟೆಂಬರ್ 6

ಬಹೀಗಾ ಮಾರುಕಟ್ಟೆಗೆ ಹೋಗಿದ್ದಾಗ ಫೋನ್ ರಿಂಗಾಯಿತು. ಕುಂಟುತ್ತ ಹೋಗಿ ಎತ್ತಿದೆ.

"ಬಹೀಗಾಗೆ ಕೊಡು," ಎಂದಳು ಅಕ್ಕ. ಆ ಗುರುವಾರದ ನಂತರ ಕೇಳಿದ ಮೊದಲ ಮಾತು.

"ಇಲ್ಲ. ಮೀನು ತರೋಕೆ ಹೋಗಿದ್ದಾಳೆ."

ಫೋನ್ ಇಡುತ್ತಾಳೆಂದು ಕಾದೆ. ಇಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು. ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಸರಿಯೆಂದು ಅವಳು ಹೇಳುವುದಿಲ್ಲ. ಇದು ಇಬ್ಬರಿಗೂ ಗೊತ್ತು. ಸುಸ್ತಾಗಿ ಗೋಡೆಗೆ ಒರಗಿ ನಿಂತೆ, ಆದರೆ ನಾನೂ ಇಡಲಿಲ್ಲ.

ಆಗ ಹೊರಗೆ ಬಂದರಿನ ಬಾಯಲ್ಲಿ ಒಂದು ಹಡಗು ಕೂಗಿತು. ಉದ್ದಕ್ಕೆ, ಮನೆಯ ಗಾಜು ಅದುರುವ ಹಾಗೆ. ಅವಳಿಗೂ ಕೇಳಿಸಿರಬೇಕು. ಇದೇ ಮನೆಯಲ್ಲಿ, ಇದೇ ಸದ್ದಿಗೆ ನಮ್ಮನ್ನು ತಟ್ಟಿ ಮಲಗಿಸಿದವಳು.

"ಯಾವ ಹಡಗೋ ಅದು?" ಎಂದಳು.

ಇಣುಕಿ ನೋಡಿ ಹೆಸರು ಹೇಳಿದೆ.